ಒಂದನೇ ಸೀಟಿನ ಮೇಷ್ಟ್ರು

ಇಸ್ಪೀಟು ಮೇಜಿನಲ್ಲಿ ಎಲೆ ಹಂಚುವವಳಿಗೆ ಬಾಯಿ ಇರಬಾರದು. ಕಣ್ಣಿರಬೇಕು, ಚುರುಕು ಕೈ ಇರಬೇಕು, ಎಂಟು ಗಂಟೆ ಕೂರುವಷ್ಟು ಸೊಂಟ ಗಟ್ಟಿ ಇರಬೇಕು, ಅಷ್ಟೆ. ಇಪ್ಪತ್ತಾರು ವರ್ಷ ಈ ಲಾಸ್ ವೇಗಸ್ಸಿನಲ್ಲಿ ನಾನು ಬಾಯಿ ಮುಚ್ಚಿಕೊಂಡೇ ಅನ್ನ ತಿಂದವಳು. ಆಮೇಲೆ ಎಂಟು ತಿಂಗಳು ಬಾಯಿ ಬಿಟ್ಟೆ, ಅದೂ ಒಬ್ಬರ ಕಿವಿಗೆ ಮಾತ್ರ ಬೀಳುವ ಹಾಗೆ. ಅದರಿಂದ ಏನಾಯಿತು ಎಂದು ಹೇಳುತ್ತೇನೆ. ಕೇಳಿ ಬೈಯುವುದಾದರೆ ಬೈಯಿರಿ, ದಿನಾ ನನ್ನನ್ನು ನಾನೇ ಬೈದುಕೊಂಡು ಅಭ್ಯಾಸವಾಗಿದೆ.

ನನ್ನ ಹೆಸರು ರೋವೆನಾ. ಸಮುದ್ರದಾಚೆಯ ನನ್ನೂರು ಇಲೊಯಿಲೊದಿಂದ ಬಂದ ದಿನದಿಂದ ಎಲ್ಲರಿಗೂ ನಾನು ವೆಂಗ್. ಊರಿನ ಆಚೆ ಕಡೆ ಕಾಪರ್ ಮ್ಯೂಲ್ ಅಂತ ಒಂದು ಕಸಿನೊ. ದೀಪದ ಬೀದಿ ನೋಡಲು ಬರುವ ಜನ ಅಲ್ಲಿಗೆ ಬರುವುದಿಲ್ಲ, ಬರುವವರು ಹೆಚ್ಚಾಗಿ ಊರವರೇ. ಬೆಳಿಗ್ಗೆ ಹತ್ತಕ್ಕೆ ಎರಡು-ನಾಲ್ಕು ಡಾಲರಿನ ಪೋಕರ್ ಮೇಜು ಶುರುವಾಗುತ್ತದೆ. ನಿವೃತ್ತರಾದ ಬಸ್ ಚಾಲಕರು, ಗಂಡ ಸತ್ತ ಹೆಂಗಸರು, ಮಂಡಿ ಆಪರೇಷನ್ ಮಾಡಿಸಿಕೊಂಡವರು ಬಂದು ಕೂತು ನಾಲ್ಕು ಡಾಲರಿಗೆ ನಾನೂರು ಡಾಲರಿನ ಜಗಳ ಆಡುತ್ತಾರೆ.

ಆ ಮೇಜಿನ ಒಂದನೇ ಸೀಟು, ಅಂದರೆ ಎಲೆ ಹಂಚುವವಳ ಎಡಗೈ ಪಕ್ಕದ್ದು, ಓರಿನ್ ಹ್ಯಾಸ್ಕೆಲ್ ಅವರದು. ವಯಸ್ಸು ಎಂಬತ್ತೊಂದು. ಎಲೆ ಹಂಚುವುದನ್ನು ಕಲಿಸುವ ಶಾಲೆ ಇಟ್ಟಿದ್ದವರು. ಈ ಊರಿನ ಅರ್ಧ ಡೀಲರುಗಳು, ನಾನೂ ಸೇರಿ, ಅವರ ಕೈಯಲ್ಲಿ ಪೆಟ್ಟು ತಿಂದು ಕಲಿತವರು, ಹಾಗಾಗಿ ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು. ಆಟದ ನಿಯಮದಲ್ಲಿ ಎಲ್ಲೇ ಜಟಾಪಟಿ ಬಂದರೂ ಅವರಿಗೆ ಫೋನ್ ಹೋಗುತ್ತಿತ್ತು. ಒಮ್ಮೆ ಸ್ವಂತ ತಮ್ಮನ ವಿರುದ್ಧವೇ ತೀರ್ಪು ಹೇಳಿದ್ದರು. ತಮ್ಮ ಹತ್ತು ವರ್ಷ ಮಾತು ಬಿಟ್ಟ. ಮೇಷ್ಟ್ರು ತಲೆ ಕೆಡಿಸಿಕೊಳ್ಳಲಿಲ್ಲ. ಮೋಸ ಎಂಬ ಮಾತು ಅವರ ಹೆಸರಿನ ಹತ್ತಿರವೂ ಸುಳಿದಿರಲಿಲ್ಲ, ಅವರಿಗೆ ಇದ್ದ ಆಸ್ತಿ ಅಂದರೆ ಅದೊಂದೇ.

ಅವರ ಕಣ್ಣು ಹೋಗುತ್ತಿದೆ ಎಂದು ನನಗೆ ಗೊತ್ತಾಗಿದ್ದು ನವೆಂಬರಿನಲ್ಲಿ. ಪಣಕ್ಕೆ ಐದು ಡಾಲರಿನ ಕೆಂಪು ಬಿಲ್ಲೆ ಇಡುವಲ್ಲಿ ಇಪ್ಪತ್ತೈದರ ಹಸಿರು ಬಿಲ್ಲೆ ಇಟ್ಟರು. ಮುಖ ನೋಡಿ ಮಾತಾಡುವವರು ಕಿವಿಯ ಕಡೆ ನೋಡಿ ಮಾತಾಡಲು ಶುರುಮಾಡಿದರು. ವಿರಾಮದಲ್ಲಿ ಕಾಫಿ ಯಂತ್ರದ ಹತ್ತಿರ ಹಿಡಿದು ಕೇಳಿದೆ.

"ಮೇಷ್ಟ್ರೇ, ನಿಜ ಹೇಳಿ. ಎಷ್ಟು ಕಾಣ್ಸುತ್ತೆ?"

"ನಡೂ ಮಧ್ಯ ಮಸಿ ಬಳಿದಂಗಿದೆ. ಅಂಚಲ್ಲಿ ಚೂರು ಚೂರು ಕಾಣ್ಸುತ್ತೆ. ನನ್ನೆರಡು ಎಲೆ ಮೂಗಿನ ಹತ್ರ ತಂದ್ರೆ ಓದ್ತೀನಿ. ನಡುವೆ ಬೀಳೋ ಐದು ಎಲೆ ಕಾಣಲ್ಲ ಮಗಳೇ."

"ಹಂಗಿದ್ರೆ ಆಟ ಬಿಡಿ."

"ಬಿಟ್ಟು? ಮನೇಲಿ ಕೂತು ರೇಡಿಯೋನ ಬೈಯ್ಲಾ? ಇಲ್ಲಾದ್ರೆ ಬೈಯೋಕೆ ಮನುಷ್ಯರಿದ್ದಾರೆ."

ನಗಬಾರದಿತ್ತು, ನಕ್ಕೆ. ಮರುದಿನ ನಡುವಿನ ಎಲೆ ತೆರೆದಾಗ ತುಟಿ ಅಲುಗದ ಹಾಗೆ ಹೆಸರು ಹೇಳಿದೆ. ಊರಲ್ಲಿ ಸನ್ಯಾಸಿನಿಯರ ಶಾಲೆಯಲ್ಲಿ ಜಪಮಾಲೆ ಹಿಡಿದು ಪಕ್ಕದವಳ ಜೊತೆ ಹರಟಿ ಕಲಿತ ವಿದ್ಯೆ. ಸರಿಯಾಗಿ ಕೇಳಿಸದಿದ್ದರೆ ಅವರು ಮೇಜಿನ ಕೆಳಗೆ ಮೊಣಕಾಲಿನಿಂದ ನನ್ನ ಮೊಣಕಾಲಿಗೆ ಎರಡು ಸಲ ತಟ್ಟುತ್ತಿದ್ದರು. ನಾನು ಇನ್ನೊಮ್ಮೆ ಹೇಳುತ್ತಿದ್ದೆ. ಬೇರೆ ಡೀಲರ್ ಕೂತ ಹೊತ್ತಿನಲ್ಲಿ ಅವರು ಎಲೆ ಎಸೆದು ಕಾಫಿ ಕುಡಿಯುತ್ತಿದ್ದರು.

ಒಂದು ಕೈಗೆ, ಅಂದರೆ ಒಬ್ಬರ ಪಾಲಿನ ಎಲೆಗಳಿಗೆ, ಒಬ್ಬನೇ ಆಟಗಾರ ಎನ್ನುವುದು ಪೋಕರಿನ ಮೊದಲ ಪಾಠ. ಬೇರೆಯವರು ತುಟಿಪಿಟಕ್ ಎನ್ನಬಾರದು. ಅದರಲ್ಲೂ ಎಲೆ ಹಂಚುವವಳು ಒಬ್ಬ ಆಟಗಾರನ ಕಿವಿಯಲ್ಲಿ ಉಸುರಿದಳು ಎಂದು ಗೊತ್ತಾದರೆ ಮುಗಿಯಿತು. ಕೆಲಸದ ಪರವಾನಗಿ ಕಿತ್ತುಕೊಳ್ಳುತ್ತಾರೆ, ಆಮೇಲೆ ಈ ರಾಜ್ಯದಲ್ಲಿ ಯಾವ ಕಸಿನೊವೂ ನೆಲ ಗುಡಿಸಲಿಕ್ಕೂ ಕರೆಯುವುದಿಲ್ಲ. ತಲೆಯ ಮೇಲೆ ಕ್ಯಾಮೆರಾ ಇದೆ. ನನಗೆ ಐವತ್ತನಾಲ್ಕು, ಬೇರೆ ಕೆಲಸ ಬರುವುದಿಲ್ಲ. ಎಲ್ಲ ಗೊತ್ತಿದ್ದೂ ಎಂಟು ತಿಂಗಳು ಉಸುರಿದೆ.

ಈಗ ಇದನ್ನೆಲ್ಲ ಮುಗಿಸಿದ ದಿನದ ಜಗಳ ಅರ್ಥವಾಗಬೇಕಾದರೆ ಒಂದು ಮಾತು ತಿಳಿದಿರಬೇಕು. ಪ್ರತಿಯೊಬ್ಬರಿಗೂ ಎರಡು ಮುಚ್ಚಿದ ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ತೆರೆದ ಎಲೆ. ಒಂದೇ ಜಾತಿಯ ಐದು ಕೂಡಿದರೆ ಕಲರ್, ಅದು ದೊಡ್ಡ ಕೈ. ಕೊನೆಗೆ ಇಬ್ಬರು ಉಳಿದಾಗ ಎಲೆ ತೋರಿಸಬೇಕು. ಬಾಯಲ್ಲಿ ಏನು ಹೇಳಿದರೂ ಲೆಕ್ಕಕ್ಕಿಲ್ಲ, ತೆರೆದಿಟ್ಟ ಎಲೆಯದೇ ಮಾತು. ಆದರೆ ಎದುರಿನವನು ಬಾಯಿಮಾತು ನಂಬಿ ತನ್ನ ಎಲೆ ಎಸೆದುಬಿಟ್ಟು, ಅದು ಸತ್ತ ಎಲೆಗಳ ರಾಶಿಗೆ ತಾಗಿತೋ, ಅವನ ಕಥೆ ಮುಗಿಯಿತು. ಕೈಯಲ್ಲಿ ಏನೂ ಇಲ್ಲದೆ 'ಕಲರ್' ಎಂದು ಸುಳ್ಳು ಹೇಳಿ ಎದುರಿನವನಿಂದ ಎಲೆ ಎಸೆಯಿಸುವುದು ಇದೆಯಲ್ಲ, ಅದಕ್ಕಿಂತ ಕೀಳು ಕೆಲಸ ಮೇಜಿನಲ್ಲಿ ಇನ್ನೊಂದಿಲ್ಲ. ಹೊಸ ಮಾಲೀಕರು ಬಂದವರೇ ಒಂದು ನಿಯಮ ಹಾಕಿದ್ದರು: ತಿಂಗಳಲ್ಲಿ ಮೂರು ಸಲ ಕೈ ತಪ್ಪು ಹೇಳಿದರೆ, ಬೇಕೆಂದೇ ಮಾಡಿದ್ದಲ್ಲ ಎಂದು ತೋರಿಸದ ಹೊರತು, ಅದು ಮೋಸ. ಫೋಟೋ ತೆಗೆದು ಹೊರಗೆ ಹಾಕುತ್ತಾರೆ. ಆ ಫೋಟೋ ಊರಿನ ಎಲ್ಲ ಪೋಕರ್ ಕೋಣೆಗಳಿಗೂ ಹೋಗುತ್ತದೆ.

ಜುಲೈಯಲ್ಲಿ ಮೇಷ್ಟ್ರು ಆಗಲೇ ಎರಡು ಸಲ ತಪ್ಪಿದ್ದರು. ಇಸ್ಪೀಟ್ ಜಾತಿಯೂ ಕಪ್ಪು, ಕಳಾವರ್ ಜಾತಿಯೂ ಕಪ್ಪು, ಮೂಗಿನ ಹತ್ತಿರ ತಂದರೂ ಒಂದೊಂದು ಸಲ ಕಲಸಿಹೋಗುತ್ತಿತ್ತು. ಎರಡು ಸಲವೂ ಎದುರಿನವರು ಎಲೆ ಹಿಡಿದುಕೊಂಡೇ ಇದ್ದರು, ನಕ್ಕು ಮುಗಿಸಿದರು. ಗ್ಲೆಂಡಾ ಬಂದು "ಮೇಷ್ಟ್ರೇ, ಕನ್ನಡಕ ಒರೆಸ್ಕೊಳ್ಳಿ" ಎಂದು ಹೇಳಿ ಬರೆದುಕೊಂಡು ಹೋಗಿದ್ದಳು. ಗ್ಲೆಂಡಾ ಕೋಣೆಯ ಮೇಲ್ವಿಚಾರಕಿ, ಜಗಳಕ್ಕೆ ತೀರ್ಪು ಹೇಳುವವಳು. ಅವಳೂ ಮೇಷ್ಟ್ರ ಶಾಲೆಯವಳೇ.

ಮೂರನೆಯದು ಅದೇ ತಿಂಗಳ ಒಂದು ಗುರುವಾರ, ಹನ್ನೊಂದು ಗಂಟೆಯ ಹೊತ್ತಿಗೆ. ನಾನು ಆಗ ತಾನೇ ಬಂದು ಮೇಜಿನಲ್ಲಿ ಕೊರೆದ ಜಾಗದೊಳಗೆ ಕೂತಿದ್ದೆ. ಒಮ್ಮೆ ಕೂತರೆ ಅರ್ಧ ಗಂಟೆ. ಬದಲಿ ಡೀಲರ್ ಬಂದು ಭುಜ ತಟ್ಟುವ ತನಕ ಮನೆಗೆ ಬೆಂಕಿ ಬಿದ್ದರೂ ಏಳುವ ಹಾಗಿಲ್ಲ. ಎಡಕ್ಕೆ ಮೇಷ್ಟ್ರು, ಬಲಕ್ಕೆ ಡಾಟಿ. ಈ ಡಾಟಿ ನಲವತ್ತು ವರ್ಷ ಕ್ಷೌರದಂಗಡಿ ನಡೆಸಿದವಳು, ಬಾಯಿ ಇನ್ನೂ ಕತ್ತರಿಯೇ. ಎದುರಿಗೆ, ಐದನೇ ಸೀಟಿನಲ್ಲಿ, ಪಕ್ಕದ ಯೂಟಾ ರಾಜ್ಯದಿಂದ ಬಂದ ಕೋಲ್ಟನ್ ಎಂಬ ಮೂವತ್ತರ ಗಂಡಸು, ಕಿವಿಗೆ ದೊಡ್ಡ ಹೆಡ್‌ಫೋನು.

ಕೊನೆಗೆ ಮೇಷ್ಟ್ರು ಮತ್ತು ಕೋಲ್ಟನ್ ಇಬ್ಬರೇ ಉಳಿದರು. ಐದನೇ ಎಲೆ ತೆರೆದೆ. "ಇಸ್ಪೀಟ್ ನಾಲ್ಕು. ಒಟ್ಟು ಮೂರು ಇಸ್ಪೀಟ್" ಎಂದು ಉಸುರಿದೆ. ಮೇಷ್ಟ್ರು ತಮ್ಮೆರಡು ಎಲೆಯನ್ನು ಅಂಗೈ ಮರೆಯಲ್ಲಿ ಮೂಗಿನ ತನಕ ತಂದು ಓರೆಯಾಗಿ ನೋಡಿದರು. ನಾಲ್ಕು ಡಾಲರ್ ಇಟ್ಟರು. ಕೋಲ್ಟನ್ ಒಂದು ಕಡೆಯ ಹೆಡ್‌ಫೋನ್ ಎತ್ತಿ ತಾನೂ ನಾಲ್ಕು ಡಾಲರ್ ಇಟ್ಟ.

"ಕಲರ್ ಕಣಪ್ಪಾ. ಎಕ್ಕದ ಕಲರ್" ಎಂದರು ಮೇಷ್ಟ್ರು.

ಕೋಲ್ಟನ್ ಹಲ್ಲು ಕಚ್ಚಿ ತನ್ನ ಎಲೆಗಳನ್ನು ಬೋರಲಾಗಿ ನನ್ನ ಕಡೆ ಎಸೆದ. ನನ್ನ ಕೈಗೆ ಬುದ್ಧಿ ಎಲ್ಲಿಂದ ಬರಬೇಕು, ಇಪ್ಪತ್ತಾರು ವರ್ಷದ ಅಭ್ಯಾಸ, ಬಂದದ್ದನ್ನು ಬಂದ ಹಾಗೇ ಸತ್ತ ರಾಶಿಗೆ ಸೇರಿಸಿತು. ಆಮೇಲೆ ಮೇಷ್ಟ್ರು ಎಲೆ ತೆರೆದಿಟ್ಟರು. ಇಸ್ಪೀಟ್ ಎಕ್ಕ, ಕಳಾವರ್ ಏಳು. ಕಲರೂ ಇಲ್ಲ, ಜೋಡಿಯೂ ಇಲ್ಲ, ಮಣ್ಣೂ ಇಲ್ಲ.

"ಅಯ್ಯಯ್ಯೋ" ಎಂದಳು ಡಾಟಿ.

ಕೋಲ್ಟನ್ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಕುಕ್ಕಿದ. "ಏನ್ರೀ ಇದು? ನನ್ಹತ್ರ ಜೋಡಿ ಗುಲಾಮ ಇತ್ತು! ಮುದುಕ ಸುಳ್ಳು ಹೇಳಿ ಎಲೆ ಎಸೆಸ್ದ!"

"ಎಸೆ ಅಂತ ನಿಂಗ್ಯಾರು ಹೇಳಿದ್ರು?" ಡಾಟಿ ಸುಮ್ಮನಿರುವವಳೇ? "ಎಲೆ ನೋಡಿ ಎಸೀಬೇಕು. ನಿಮ್ಮೂರಲ್ಲಿ ಹುಡುಗಿ ನೋಡ್ದೇನೇ ಮದ್ವೆ ಆಗ್ತೀರಾ?"

"ನಿಮ್ಮನ್ನ ಯಾರು ಕೇಳಿದ್ರು ಅಜ್ಜೀ?"

"ಅಜ್ಜಿ ನಿಮ್ಮಪ್ಪಂಗೆ!"

ತಪ್ಪು ಎಲ್ಲಾಯಿತೆಂದು ಮೇಷ್ಟ್ರಿಗೆ ಇನ್ನೂ ಗೊತ್ತಾಗಿರಲಿಲ್ಲ. ಎಲೆಗಳ ಮೇಲೆ ಬೆರಳಾಡಿಸುತ್ತಿದ್ದರು, ಸವರಿದರೆ ಜಾತಿ ತಿಳಿಯುತ್ತದೇನೋ ಎನ್ನುವ ಹಾಗೆ. ಕೈ ಎತ್ತಿ ಗ್ಲೆಂಡಾಳನ್ನು ಕೂಗಿದೆ, ಜಗಳ ಬಂದಾಗ ಕೂಗಲೇಬೇಕು.

ಗ್ಲೆಂಡಾ ಬಂದು ನನ್ನೆದುರು, ಕೋಲ್ಟನ್ನನ ಹಿಂದೆ ನಿಂತಳು. "ಏನಾಯ್ತು ವೆಂಗ್? ಮೇಜಿನ ಮೇಲೆ ಏನಾಯ್ತೋ ಅಷ್ಟು ಹೇಳು."

ಅಷ್ಟು ಹೇಳಿದೆ. ಒಂದನೇ ಸೀಟು ಕಲರ್ ಅಂದರು, ಐದನೇ ಸೀಟು ಎಲೆ ಎಸೆದರು, ಎಲೆ ಸತ್ತವು, ಆಮೇಲೆ ಒಂದನೇ ಸೀಟು ತೆರೆದಿಟ್ಟದ್ದು ಇದು. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಗ್ಲೆಂಡಾ ಆ ಕಳಾವರ್ ಏಳನ್ನು ನೋಡಿದಳು. "ಮೇಷ್ಟ್ರೇ, ಇದು ಮೂರನೇದು" ಎಂದಳು ಮೆಲ್ಲಗೆ. "ನಾನೇನ್ ಬರೀಲಿ ಹೇಳಿ. ನೀವು ಅಂಥೋರಲ್ಲ ಅಂತ ನಂಗೊತ್ತು. ಕಾರಣ ಒಂದು ಕೊಡಿ, ಬರ್ಕೊಂಡು ಹೋಗ್ತೀನಿ."

"ಕಾರಣ ಏನ್ ಕಾರಣ?" ಎಂದ ಕೋಲ್ಟನ್. "ಮೂರನೇ ಸಲ ಅಂತ ನೀವೇ ಹೇಳ್ತಿದ್ದೀರಿ. ಕಳ್ಳನ್ನ ಸಾಕ್ಕೊಂಡಿದ್ದೀರಿ."

ಕಳ್ಳ ಎಂಬ ಮಾತು ಬಿದ್ದಾಗ ಮೇಷ್ಟ್ರ ಕತ್ತಿನ ನರ ಸೆಟೆದುಕೊಂಡಿತು. ಕುರ್ಚಿಯಲ್ಲಿ ನೆಟ್ಟಗೆ ಕೂತರು. ಹೇಳಿಬಿಡುತ್ತಾರೆ ಎಂದು ನನಗೆ ಗೊತ್ತಾಯಿತು. ಹೆಸರಿಗೆ ಮಸಿ ಬೀಳುವುದಾದರೆ ಸೀಟು ಹೋದರೂ ಹೋಗಲಿ ಎನ್ನುವ ಮನುಷ್ಯ.

"ಗ್ಲೆಂಡಾ, ನಿಜ ಏನಂದ್ರೆ ನನ್ನ ಕಣ್ಣು..."

"ಕಣ್ಣಾ?" ಗ್ಲೆಂಡಾಳ ಮುಖ ಅರಳಿತು, ಪಾಪ, ದಾರಿ ಸಿಕ್ಕಿತು ಎಂದುಕೊಂಡಳು. ಅದೇ ಉಸಿರಿನಲ್ಲಿ ಹುಬ್ಬು ಗಂಟಿಕ್ಕಿದಳು. "ಇರಿ, ಇರಿ. ಕಣ್ಣು ಕಾಣ್ದೇ ಇಷ್ಟು ದಿನ ನಡುವಿನ ಎಲೆ ಹೆಂಗೆ ಓದಿದ್ರಿ? ಯಾರಾದ್ರೂ ಹೇಳ್ತಿದ್ರಾ? ಹಂಗೇನಾದ್ರೂ ಇದ್ರೆ ನಾನು ಮೇಲಿನೋರಿಗೆ ಹೇಳಿ ಕ್ಯಾಮೆರಾದ ರೆಕಾರ್ಡಿಂಗ್ ತೆಗೆಸಿ ನೋಡ್ಬೇಕಾಗುತ್ತೆ, ಮೇಷ್ಟ್ರೇ. ಎಷ್ಟು ತಿಂಗಳದ್ದಾದ್ರೂ ಸರಿ."

ಕೋಣೆಯ ತಂಪು ಗಾಳಿಯಲ್ಲಿ ನನ್ನ ಬೆನ್ನು ಒದ್ದೆಯಾಯಿತು. ಏಳುವ ಹಾಗಿಲ್ಲ, ಓಡುವ ಹಾಗಿಲ್ಲ. ಕೈಗಳು ಎಲೆಕಟ್ಟಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇರಲೇಬೇಕು. "ನಾನೇ ಹೇಳ್ತಿದ್ದೆ" ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಎರಡು ಪದ. ನಾನು ಎಲೆಕಟ್ಟಿನ ಅಂಚು ಸರಿಮಾಡಿದೆ.

ಮೇಷ್ಟ್ರು ತಲೆಯನ್ನು ಸ್ವಲ್ಪವೇ ನನ್ನ ಕಡೆ ತಿರುಗಿಸಿದರು. ನನ್ನ ಉಸಿರು ಕೇಳಿಸಿರಬೇಕು. ಎಂಟು ತಿಂಗಳು ಆ ಉಸಿರಿನಲ್ಲೇ ಆಡಿದವರು.

"ನನ್ನ ಕಣ್ಣು ಚೆನ್ನಾಗೇ ಇದೆ ಅಂತ ಹೇಳೋಕ್ಹೊರಟಿದ್ದೆ" ಎಂದರು. "ಮಧ್ಯ ಬಾಯಿ ಹಾಕ್ಬೇಡ ಅಂತ ನಿಂಗೆ ಎಷ್ಟು ಸಲ ಹೇಳ್ಕೊಟ್ಟಿದ್ದೀನಿ?"

ಗ್ಲೆಂಡಾಗೆ ನಂಬಿಕೆ ಬರಲಿಲ್ಲ. ಅವಳು ದಡ್ಡಿಯಲ್ಲ. "ವೆಂಗ್, ಆ ಕಟ್ಟಿಂದ ಒಂದೆಲೆ ಕೊಡು" ಎಂದಳು. ನಾನು ಬೋರಲಾಗಿ ತಳ್ಳಿದೆ. ಅವಳು ಎತ್ತಿ ತನ್ನ ಎದೆಯ ಮುಂದೆ ಹಿಡಿದಳು, ಮುಖ ಮೇಷ್ಟ್ರ ಕಡೆಗೆ. "ಇದು ಯಾವ್ದು ಹೇಳಿ. ಗೊತ್ತಾಗ್ದಿದ್ರೆ ಗೊತ್ತಾಗ್ಲಿಲ್ಲ ಅನ್ನಿ. ನಾಚ್ಕೆ ಏನಿಲ್ಲ. ಕಣ್ಣು ಹೋಗೋದು ತಪ್ಪಲ್ಲ."

ಕಳಾವರ್ ಎಂಟು. ನನಗೆ ಕಾಣುತ್ತಿತ್ತು, ಡಾಟಿಗೂ ಕಾಣುತ್ತಿತ್ತು. ಮೇಷ್ಟ್ರಿಗೆ ಅಲ್ಲೊಂದು ಎಲೆ ಇದೆ ಎನ್ನುವುದೇ ಕಂಡಿತ್ತೋ ಇಲ್ಲವೋ. ಹೇಳಲಾಗದಿದ್ದರೆ ಅವರು ಕುರುಡರು, ಆದರೆ ಪ್ರಾಮಾಣಿಕರು. ಕ್ಯಾಮೆರಾ ತೆಗೆಸುತ್ತಾರೆ, ನಾನು ಬೀದಿಗೆ ಬೀಳುತ್ತೇನೆ. ಸರಿಯಾಗಿ ಹೇಳಿದರೆ ಕಣ್ಣು ಸರಿಯಿದೆ. ಕಣ್ಣು ಸರಿಯಿದ್ದೂ ಕಲರ್ ಎಂದರೆ ಮೋಸಗಾರ. ನಾನು ಉಳಿಯುತ್ತೇನೆ.

ಮೇಜಿನ ಕೆಳಗೆ ಅವರ ಮೊಣಕಾಲು ನನ್ನ ಮೊಣಕಾಲಿಗೆ ತಟ್ಟಿತು. ಎರಡು ಸಲ.

ನಾನು ಸುಮ್ಮನಿರಬೇಕಿತ್ತು. ಸುಮ್ಮನಿದ್ದಿದ್ದರೆ ಸಾಕಿತ್ತು, ಅವರ ಹೆಸರು ಉಳಿಯುತ್ತಿತ್ತು. ಇಡೀ ಜನ್ಮ ಬಾಯಿ ಮುಚ್ಚಿಕೊಂಡು ಬದುಕಿದವಳಿಗೆ ಆ ಹೊತ್ತಿನಲ್ಲಿ ಬಾಯಿ ಮುಚ್ಚಲು ಆಗಲಿಲ್ಲ. ಪ್ರೀತಿಯಿಂದ ಮಾಡಿದೆ ಎಂದು ಸುಳ್ಳು ಹೇಳುವುದಿಲ್ಲ. ಭಯ. ಬರೀ ಭಯ. ಅವರು ಮತ್ತೊಮ್ಮೆ ತಟ್ಟಿದರು, ಈ ಸಲ ಗಟ್ಟಿಯಾಗಿ, ಶಾಲೆಯಲ್ಲಿ ಎಲೆ ಬೀಳಿಸಿದಾಗ ಗದರುತ್ತಿದ್ದ ಹಾಗೆ.

"ಕಳಾವರ್ ಎಂಟು" ಎಂದು ಉಸುರಿದೆ.

ತುಟಿ ಅಲುಗಲಿಲ್ಲ. ಗ್ಲೆಂಡಾ ಮೇಷ್ಟ್ರನ್ನೇ ನೋಡುತ್ತಿದ್ದಳು.

"ಕಳಾವರ್ ಎಂಟು" ಎಂದರು ಮೇಷ್ಟ್ರು ಕೋಣೆಗೆಲ್ಲ ಕೇಳುವ ಹಾಗೆ. "ಇನ್ನೊಂದು ಬೇಕಾ? ಹಿಂದಿನ ಗೋಡೆ ಮೇಲಿನ ಗಡಿಯಾರಾನೂ ಓದ್ಲಾ?"

ಗ್ಲೆಂಡಾಳ ಕೈ ಕೆಳಗಿಳಿಯಿತು. ತಪ್ಪು ಹೇಳಲಿ ಎಂದು ಅವಳು ಎಷ್ಟು ಬೇಡಿಕೊಂಡಿದ್ದಳೋ ಏನೋ, ಕಣ್ಣಲ್ಲಿ ನೀರು ನಿಂತಿತ್ತು. "ಹಂಗಾದ್ರೆ... ಬೇಕಂತ್ಲೇ ಹೇಳಿದ್ರಾ?"

"ಬೇಕಂತ್ಲೇ."

"ಮೂವತ್ತೆಂಟು ಡಾಲರಿಗಾ ಮೇಷ್ಟ್ರೇ?"

"ಅವ್ನು ಎಸೀತಾನೋ ಇಲ್ವೋ ನೋಡೋಣ ಅನ್ನಿಸ್ತು. ಎಸೆದ. ಎಲೆ ನೋಡ್ದೇ ಎಸ್ಯೋನು ಯೂಟಾದಲ್ಲೇ ಇರ್ಬೇಕಿತ್ತು."

ಡಾಟಿ ತನ್ನ ಕುರ್ಚಿಯನ್ನು ಅವರಿಂದ ಒಂದು ಗೇಣು ದೂರ ಎಳೆದುಕೊಂಡಳು. ಹನ್ನೆರಡು ವರ್ಷ ಪ್ರತಿ ಬೆಳಿಗ್ಗೆ ಅವರ ಕಾಫಿಗೆ ತಾನೇ ಸಕ್ಕರೆ ಹಾಕಿಕೊಡುತ್ತಿದ್ದವಳು. "ಥೂ ಓರಿನ್. ನಿನ್ನಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ" ಎಂದಳು. ಮೇಷ್ಟ್ರ ಮುಖದ ಮೇಲೆ ಅಷ್ಟು ಹೊತ್ತು ಇದ್ದ ಒಣ ನಗು ಆಗ ಹೋಯಿತು.

ಗ್ಲೆಂಡಾ ತೀರ್ಪು ಹೇಳಿದಳು. ಮೋಸದಿಂದ ಎಲೆ ಎಸೆಯಿಸಿದ್ದರಿಂದ ನಡುವಿನ ಹಣ ಕೋಲ್ಟನ್ನನಿಗೆ. ಓರಿನ್ ಹ್ಯಾಸ್ಕೆಲ್ ಹೊರಗೆ, ಇವತ್ತಿನಿಂದ, ಶಾಶ್ವತ. ಫೋಟೋ ತೆಗೆಯಬೇಕು. ಹೇಳುವಾಗ ಅವಳ ದನಿ ಎರಡು ಸಲ ಒಡೆಯಿತು. ಕಾವಲಿನ ಸಿಯೋನೆ ಬಂದ, ಟೊಂಗಾ ದ್ವೀಪದವನು, ಬಾಗಿಲಿನಷ್ಟು ಅಗಲ. ಮೋಸ ಮಾಡಿದವರನ್ನು ಕರೆದೊಯ್ಯುವ ರೀತಿಯಲ್ಲೇ ಅವನು ಮೇಷ್ಟ್ರ ಮೊಣಕೈ ಮೇಲೆ ಬಿಗಿಯಾಗಿ ಹಿಡಿದ.

ದಿನಾ ಅವರು ಬಾಗಿಲ ತನಕ ಕುರ್ಚಿ ಬೆನ್ನು ಹಿಡಿದು, ಹೆಜ್ಜೆ ಎಣಿಸಿಕೊಂಡು ಹೋಗುತ್ತಿದ್ದುದನ್ನು ನಾನೊಬ್ಬಳೇ ನೋಡಿದ್ದೆ. ಆ ದಿನ ನೆಟ್ಟಗೆ ನಡೆದರು, ಎಲ್ಲೂ ಎಡವಲಿಲ್ಲ. ಕಳ್ಳನೆಂದು ಹಿಡಿದ ಕೈ ಅವರನ್ನು ಮೇಜುಗಳ ನಡುವೆ ನಡೆಸಿಕೊಂಡು ಹೋಯಿತು. ಫೋಟೋ ತೆಗೆಯುವ ಜಾಗದಲ್ಲಿ ಸಿಯೋನೆ "ಇಲ್ಲಿ ನೋಡಿ" ಎಂದ. ಅವರು ದನಿ ಬಂದ ಕಡೆ ಮುಖ ಮಾಡಿದರು.

ನನ್ನ ಅರ್ಧ ಗಂಟೆಯಲ್ಲಿ ಇನ್ನೂ ಹನ್ನೊಂದು ನಿಮಿಷ ಬಾಕಿಯಿತ್ತು. ಎಲೆ ಕಲಸಬೇಕು, ಹಂಚಬೇಕು. ಕಲಸಿದೆ. ಒಂದೆಲೆಯೂ ಜಾರಲಿಲ್ಲ, ಹಾಗೆ ಅವರೇ ಕಲಿಸಿದ್ದರು, ಹಾಳಾದ್ದು.

ಕೋಲ್ಟನ್ ತನ್ನ ಮುಂದೆ ಬಂದ ಬಿಲ್ಲೆಗಳನ್ನು ಜೋಡಿಸಿಕೊಂಡ. ಸಿಟ್ಟು ಇಳಿದಿತ್ತು, ಈಗ ದೊಡ್ಡ ಮನುಷ್ಯನ ಹಾಗೆ ನಕ್ಕ. ಐದು ಡಾಲರಿನ ಒಂದು ಕೆಂಪು ಬಿಲ್ಲೆ ಎತ್ತಿ ನನ್ನ ಕಡೆ ತಳ್ಳಿದ.

"ಇದು ನಿಮಗೆ. ಗುರುತಿನೋರು ಅಂತ ನೋಡ್ದೇ ಇದ್ದಿದ್ದನ್ನ ಇದ್ದಂಗೆ ಹೇಳಿದ್ರಿ. ನಿಮ್ಮಂಥ ಪ್ರಾಮಾಣಿಕರು ಇರೋದ್ರಿಂದ್ಲೇ ಆಟ ಉಳ್ಕೊಂಡಿದೆ."

ಯಾರಾದರೂ ಭಕ್ಷೀಸು ಕೊಟ್ಟರೆ ಅದನ್ನು ನಮ್ಮ ಮುಂದಿರುವ ಬಿಲ್ಲೆ ತಟ್ಟೆಯ ಅಂಚಿಗೆ ಎರಡು ಸಲ ಕುಟ್ಟಿ, ಮುಖ ನೋಡಿ ವಂದನೆ ಹೇಳಬೇಕು. ಹೇಳದಿದ್ದರೆ ಅವಮಾನ ಮಾಡಿದ ಹಾಗೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಗ್ಲೆಂಡಾ ಕೂಡ.

ಕುಟ್ಟಿದೆ. "ಥ್ಯಾಂಕ್ಯೂ ಸರ್" ಎಂದೆ.